ಗೃಹೋಪಕರಣ ವಿಚಾರ: ಟಪಾಲಿನಲ್ಲಿ ಬರುವ ಹಳೆಯ ಹೊಲಿಗೆಯ ಯಂತ್ರ
ಹೋದ ತಿಂಗಳು ಮಲ್ಲೇಶ್ವರದ ಸೋದರಿಯೊಬ್ಬರಿಂದ ಒಂದು ಕಾಗದ ಬಂದಿರುವುದು. ತಮ್ಮ ತಾಯಿಯವರ ಕಾಲದ ಸಿಂಗರ್ ಕೈಯಂತ್ರವನ್ನು ಮನೆ ಬದಲಾಯಿಸುವ ಗಡಿಬಿಡಿಯಲ್ಲಿ ಗುಜರಿಯವನಿಗೆ ತೂಕದ ಮೇಲೆ ಕೊಟ್ಟುಬಿಟ್ಟರಂತೆ. ಅಂಥದೇ ಒಂದು ಯಂತ್ರ ಈಗ ಕೊಯಮತ್ತೂರಿನಲ್ಲಿ ಮಾರಾಟಕ್ಕಿದೆಯೆಂದೂ, ಹಣ ಕಳುಹಿಸಿದಲ್ಲಿ ಪಾರ್ಸೆಲಿನಲ್ಲಿ ಕಳುಹಿಸಿಕೊಡುವರೆಂದೂ ತಿಳಿದುಬಂದಿದೆಯಂತೆ. ಕೊಳ್ಳಬಹುದೆ, ಕೊಂಡರೆ ಅದು ಮತ್ತೆ ಹೊಲಿದೀತೆ, ಎಂಬುದು ಅವರ ಪ್ರಶ್ನೆ. ಬಸವನಗುಡಿ ಚಾಮರಾಜಪೇಟೆಗಳ ಕೆಲವರು ವಾಚಕರೂ ಇದನ್ನೇ ಬೇರೆ ಮಾತುಗಳಲ್ಲಿ ಕೇಳಿರುವುದರಿಂದ ಈ ತಿಂಗಳ ಪುಟವನ್ನು ಈ ವಿಷಯಕ್ಕೇ ಮೀಸಲಿಟ್ಟಿದ್ದೇವೆ.

ಕೊಳ್ಳಬಹುದು, ಹೊಲಿದೀತು. ತೊಂಬತ್ತು ನೂರು ವರ್ಷಗಳ ಹಿಂದಿನ ಯಂತ್ರವೆಂದು ಹೆದರಬೇಕಾದುದಿಲ್ಲ. ಇಂಥ ಯಂತ್ರಗಳಿಗೆ ಅಪಾಯವಿರುವುದು ಎರಡು ಕಡೆಗಳಲ್ಲಿ. ಒಂದು, ದಾರಿಯಲ್ಲಿ ಕಳೆಯುವ ಮೂರು ನಾಲ್ಕು ದಿನಗಳು. ಇನ್ನೊಂದು, ಮನೆಗೆ ಬಂದಮೇಲೆ ಅದನ್ನು ಹೊಸದರಂತೆ ಹೊಳೆಯಿಸಬೇಕೆಂದು ನಮಗೆ ಹುಟ್ಟುವ ಆತುರ. ಮೂರು ತಲೆಮಾರು ದುಡಿದ ಯಂತ್ರವು ಈ ಎರಡರಲ್ಲಿ ಒಂದಕ್ಕೆ ಬಲಿಯಾದರೆ ಅದನ್ನು ಮತ್ತೆ ಮೊದಲಿನಂತೆ ಮಾಡುವ ಉಪಾಯವಿಲ್ಲ.

ಮೊದಲು ಈ ಯಂತ್ರದ ಪೂರ್ವೋತ್ತರವನ್ನು ಸ್ವಲ್ಪ ತಿಳಿಯೋಣ. ೧೮೩೦ರಲ್ಲಿ ಫ್ರಾನ್ಸಿನ ಥಿಮೊನಿಯೆ ಎಂಬ ದರ್ಜಿ ಒಂದು ಯಂತ್ರಕ್ಕೆ ಸನ್ನದು ಪಡೆದನು. ಮರುವರ್ಷವೇ ಪ್ಯಾರಿಸಿನ ದರ್ಜಿಗಳು ಹೊಟ್ಟೆಯ ಮೇಲೆ ಕಲ್ಲು ಬಿದ್ದಿತೆಂದು ಅವನ ಕಾರ್ಖಾನೆಗೆ ನುಗ್ಗಿ ಯಂತ್ರಗಳನ್ನು ಪುಡಿಮಾಡಿದರು. ೧೮೪೬ರಲ್ಲಿ ಅಮೆರಿಕದ ಎಲಿಯಾಸ್ ಹೋವನು ತುದಿಯಲ್ಲಿ ಕಣ್ಣುಳ್ಳ ಸೂಜಿಯನ್ನೂ ಕೆಳಗೆ ಓಡಾಡುವ ಶಟಲನ್ನೂ ಕೂಡಿಸಿ ಎರಡು ದಾರಗಳ ಹೊಲಿಗೆಗೆ ಸನ್ನದು ಪಡೆದನು. ೧೮೫೧ರಲ್ಲಿ ಐಸಾಕ್ ಸಿಂಗರನು ಅದನ್ನು ದಿನನಿತ್ಯದ ಕೆಲಸಕ್ಕೆ ಒದಗುವಂತೆ ತಿದ್ದಿದನು. ಅವನ ಕಂಪೆನಿಯ ನಿಜವಾದ ಚಾತುರ್ಯವು ೧೮೫೬ರಲ್ಲಿ ಪ್ರಾರಂಭವಾದ ಕಂತಿನ ಮಾರಾಟದಲ್ಲಿತ್ತೆಂದು ನಮ್ಮ ಅಭಿಪ್ರಾಯ. ಒಟ್ಟಿಗೆ ಹಣ ತೆರಲಾರದ ಗೃಹಸ್ಥನ ಮನೆಗೂ ಯಂತ್ರ ಹೊಕ್ಕುದು ಆ ಬಾಗಿಲಿನಿಂದ.

ಮಹಾತ್ಮ ಗಾಂಧಿಯವರು ೧೯೨೪ರಲ್ಲಿ, ಯಂತ್ರಗಳನ್ನೆಲ್ಲ ನೀವು ಬೇಡವೆನ್ನುವಿರಾ ಎಂದು ಕೇಳಿದವರಿಗೆ ಉತ್ತರ ಹೇಳುತ್ತ, ಹೊಲಿಗೆಯ ಯಂತ್ರವನ್ನು ಮಾತ್ರ ಬೇರೆಯಾಗಿ ಎಣಿಸಿ, ಲೋಕಕ್ಕೆ ಉಪಯೋಗವಾದ ಕೆಲವೇ ಯಂತ್ರಗಳಲ್ಲಿ ಇದೂ ಒಂದೆಂದರು. ಹೆಂಡತಿಯು ಕೈಯಲ್ಲಿ ಹೊಲಿದು ಬಳಲುವುದನ್ನು ನೋಡಲಾರದೆ ಸಿಂಗರನು ಇದನ್ನು ರಚಿಸಿದನೆಂದೂ ಅವರು ಹೇಳಿದರು. ಮಾತೇನೋ ಸೊಗಸಾಗಿದೆ. ಆದರೆ ಸಿಂಗರನ ಚರಿತ್ರೆ ಬರೆದವರು ಅವನ ಗೃಹಕೃತ್ಯಗಳ ಬಗ್ಗೆ ಹೇಳುವುದು ಬೇರೆಯೇ ಕಥೆ. ಕುಟುಂಬದವರೆಲ್ಲ ಕುಳಿತು ಓದುವ ಪತ್ರಿಕೆಯಾದುದರಿಂದ ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ.

ನಮ್ಮ ದೇಶದಲ್ಲಿ ಸಿಂಗರ್ ವ್ಯಾಪಾರವು ಬೇರೂರಿದ್ದು ೧೮೭೦ರ ದಶಕದಿಂದ ಈಚೆಗೆ. ಅದನ್ನು ಹಬ್ಬಿಸಿದವರಲ್ಲಿ ಮುಖ್ಯರು ನಸರ್ವಾನ್‌ಜಿ ಮೆರ್ವಾನ್‌ಜಿ ಪಟೇಲ್ ಎಂಬ ಪಾರಸಿ ಗೃಹಸ್ಥರು. ೧೮೭೭ರಲ್ಲಿ ಅಂಚೆಯ ಇಲಾಖೆಯವರು ವಿ.ಪಿ. ಪದ್ಧತಿಯನ್ನು ಏರ್ಪಡಿಸಿದ ಮೇಲೆ, ಅಂಗಡಿಯ ಮುಖ ನೋಡದೆ ಪದಾರ್ಥ ತರಿಸಿಕೊಳ್ಳುವ ಅಭ್ಯಾಸವೂ ಊರೂರಿಗೆ ಹರಡಿತು. ನಮ್ಮ ಊರಿನ ಹಳೆಯ ಬಡಾವಣೆಗಳು ಹುಟ್ಟಿದ್ದೂ ಹೆಚ್ಚುಕಡಮೆ ಆ ಕಾಲದ ಹಿಂದುಮುಂದೆಯೇ. ಚಾಮರಾಜಪೇಟೆ ೧೮೯೨ರದು, ಬಸವನಗುಡಿ ಮಲ್ಲೇಶ್ವರಗಳು ೧೮೯೮ರ ಪ್ಲೇಗಿನ ತರುವಾಯ ಬೆಳೆದವು. ಪೇಟೆಯ ಇಕ್ಕಟ್ಟಿನಿಂದ ಹೊರಬಿದ್ದ ಈ ಗಾಳಿ ಬೆಳಕಿನ ಮನೆಗಳಲ್ಲಿ, ಕಿಟಕಿಯ ಪಕ್ಕ ಚಾಪೆಯ ಮೇಲೆ ಕೈಯಂತ್ರವನ್ನಿಟ್ಟು ಕುಪ್ಪಸ, ಲಂಗ, ದಿಂಬಿನ ಚೀಲಗಳನ್ನು ಹೊಲಿದವರ ಮೊಮ್ಮಕ್ಕಳು ಈಗ ಅದೇ ಯಂತ್ರವನ್ನು ಹುಡುಕುತ್ತಿರುವರು.

ಹುಡುಕುವವರು ಭಾನುವಾರದ ಬೆಳಿಗ್ಗೆ ಚಿಕ್ಕಪೇಟೆಯ ಕಡೆಯ ಹಳೆಯ ಸಾಮಾನಿನ ಸಂತೆಗೆ ಹೋಗುವುದುಂಟು. ಅಲ್ಲಿ ಕಣ್ಣಾರೆ ನೋಡಿ ಕೊಳ್ಳಬಹುದೆಂಬುದು ದೊಡ್ಡ ಅನುಕೂಲ. ಆದರೆ ಬೇಕಾದ ಮಾದರಿ, ಬೇಕಾದ ಬಿಡಿಭಾಗಗಳ ಸಹಿತ, ಬೇಕಾದಾಗ ಸಿಕ್ಕುವುದಿಲ್ಲ. ಆದಕಾರಣ ಮದರಾಸು, ಮುಂಬಯಿ, ಕೊಯಮತ್ತೂರುಗಳಿಂದ ಪಾರ್ಸೆಲು ತರಿಸುವ ಪ್ರಸಂಗ ಬರುವುದು. ನೋಡದೆ ಕೊಳ್ಳುವಾಗ ಏನನ್ನು ಕೇಳಿ ತಿಳಿಯಬೇಕೆಂಬುದೇ ಮುಖ್ಯ.

ಎಲ್ಲಕ್ಕೂ ಮೊದಲು ಯಂತ್ರದ ಸಂಖ್ಯೆಯ ಸ್ಪಷ್ಟವಾದ ಚಿತ್ರವನ್ನು ತರಿಸಿಕೊಳ್ಳಿರಿ. ಸಿಂಗರ್ ಯಂತ್ರಗಳಲ್ಲಿ ಇದು ಪೀಠದ ಬಲಗಡೆ ಅಚ್ಚಾಗಿರುವುದು. ೧೯೦೦ರಿಂದ ಈಚಿನವುಗಳಲ್ಲಿ ಸಂಖ್ಯೆಯ ಮುಂದೆ ಒಂದು ಅಥವಾ ಎರಡು ಇಂಗ್ಲಿಷ್ ಅಕ್ಷರಗಳುಂಟು. ವೈ ಎಂಬ ಅಕ್ಷರವಿದ್ದರೆ ಅದು ೧೯೨೦ರ ದಶಕದ ಅಥವಾ ೧೯೩೦ರ ದಶಕದ ಮೊದಲ ಭಾಗದ, ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿ ಎರಕವಾದ ಯಂತ್ರ. ಜಿ ಎಂದಿದ್ದರೆ ಅಮೆರಿಕದ್ದು. ಆ ಕ್ಲೈಡ್‌ಬ್ಯಾಂಕಿನ ಕಾರ್ಖಾನೆಯು ೧೮೮೦ರ ದಶಕದಲ್ಲಿ ಕಟ್ಟಲ್ಪಟ್ಟು, ೧೯೪೧ರ ಮಾರ್ಚಿಯಲ್ಲಿ ಆ ಊರಿನ ಮೇಲೆ ಬಿದ್ದ ಜರ್ಮನ್ ಬಾಂಬುಗಳನ್ನೂ ತಾಳಿಕೊಂಡು, ೧೯೮೦ರಲ್ಲಿ ಮುಚ್ಚಿಹೋಯಿತು. ಸಂಖ್ಯೆಯಿಂದ ತಿಳಿಯುವುದು ಸಂಖ್ಯೆಗಳ ಆ ಕಟ್ಟನ್ನು ಕಾರ್ಖಾನೆಗೆ ಹಂಚಿಕೊಟ್ಟ ಕಾಲವೇ ಹೊರತು ಯಂತ್ರ ಹೊರಬಿದ್ದ ದಿನವಲ್ಲ. ಮಾರುವವನು ಯಾವ ಯಂತ್ರವನ್ನಾದರೂ ನೂರೈವತ್ತು ವರ್ಷದ್ದೆನ್ನುವನು. ಸಂಖ್ಯೆಯು ಆ ಮಾತನ್ನು ಕೂಡಲೇ ಒರೆಗೆ ಹಚ್ಚುವುದು.

ಎರಡನೆಯದಾಗಿ, ಸೂಜಿಯ ಕೆಳಗಿನ ಜಾರುತಟ್ಟೆಯನ್ನು ಸರಿಸಿ ಒಳಭಾಗದ ಚಿತ್ರವನ್ನು ಕೇಳಬೇಕು. ಹೊಲಿಗೆಯ ಯಂತ್ರದ ಗುಟ್ಟೆಲ್ಲ ಅಲ್ಲಿರುವುದು. ಸೂಜಿಯು ಬಟ್ಟೆಯನ್ನು ಹೊಕ್ಕು ಸ್ವಲ್ಪ ಮೇಲೇಳುವಾಗ ದಾರವು ಅದರ ಹಿಂದೆ ಒಂದು ಸಣ್ಣ ಕುಣಿಕೆಯಾಗುವುದು. ಶಟಲಿನ ಮೂತಿ ಆ ಕುಣಿಕೆಯೊಳಗೆ ನುಗ್ಗಿ ಕೆಳಗಿನ ದಾರವನ್ನು ಅದರಲ್ಲಿ ಸೇರಿಸುವುದು. ಸಿಂಗರಿನ ೨೭, ೨೮, ೧೨೭, ೧೨೮ ಎಂಬ ಮಾದರಿಗಳಲ್ಲಿ ಈ ಶಟಲು ಪುಟ್ಟ ದೋಣಿಯಂತಿದ್ದು, ತೊಟ್ಟಿಲಿನಂತೆ ಹಿಂದಕ್ಕೂ ಮುಂದಕ್ಕೂ ತೂಗುತ್ತದೆ. ಅದರೊಳಗಿನ ಬಾಬಿನು ಎರಡು ತುದಿಗೂ ಬಿಲ್ಲೆಯುಳ್ಳ ಒಂದು ಸಣ್ಣ ಕಡ್ಡಿ. ಗುಂಡು ಬಾಬಿನಿನ ೧೫ನೆಯ ಮಾದರಿ ಬೇರೆ ತೆರದ್ದು. ೧೯೩೦ರ ದಶಕದಲ್ಲಿ ಕಲ್ಕತ್ತೆಯ ಜಯ್ ಇಂಜಿನಿಯರಿಂಗ್ ವರ್ಕ್ಸಿನವರು ಮಾಡತೊಡಗಿದ ಉಷಾ ಯಂತ್ರವೂ, ತರುವಾಯ ಲುಧಿಯಾನದಿಂದ ಬಂದ ಬಹುಪಾಲು ಕಪ್ಪು ಯಂತ್ರಗಳೂ ಈ ಗುಂಡು ಬಾಬಿನಿನ ಜಾತಿಯವೇ. ಆದುದರಿಂದ ೧೫ನೆಯ ಮಾದರಿಗೆ ಬೇಕಾದ ಬಾಬಿನು, ಸೂಜಿ, ಸ್ಪ್ರಿಂಗುಗಳು ಚಿಕ್ಕಪೇಟೆಯ ಸುತ್ತಿನ ಬೀದಿಗಳಲ್ಲಿ ಇಂದಿಗೂ ಸುಲಭವಾಗಿ ಸಿಕ್ಕುವುವು. ದೋಣಿ ಶಟಲಿನ ಯಂತ್ರಕ್ಕೆ ಶಟಲೇ ಇಲ್ಲದಿದ್ದರೆ ಅದನ್ನು ಹುಡುಕಿಕೊಂಡು ಅಲೆಯಬೇಕಾಗುವುದು. ಶಟಲು, ಬಾಬಿನು, ಜಾರುತಟ್ಟೆ ಈ ಮೂರೂ ಇರುವುವೆಂದು ಖಚಿತವಾಗದೆ ಹಣ ಕಳುಹಿಸಕೂಡದು.

ಸೂಜಿಯ ವಿಷಯವೂ ಹಾಗೆಯೇ. ಮೇಲೆ ಹೇಳಿದ ಮಾದರಿಗಳೆಲ್ಲಕ್ಕೂ ಈಗಿನ ಸಾಧಾರಣ ಸೂಜಿಯೇ ಒಗ್ಗುವುದು. ಆದರೆ ೧೮೬೫ರಿಂದ ಬಂದ ೧೨ನೆಯ ಮಾದರಿಯೆಂದರೆ ಪಿಟೀಲಿನ ಆಕಾರದ ಪೀಠದ, ನೋಡುವುದಕ್ಕೆ ಎಲ್ಲಕ್ಕಿಂತ ಚೆಲುವಾದ ಯಂತ್ರ. ಅದರ ಸೂಜಿ ಬೇರೆ. ಅಂಗಡಿಯಲ್ಲಿ ಕೇಳಿದೊಡನೆ ಸಿಕ್ಕುವಂಥದಲ್ಲ. ಗಾಜಿನ ಬೀರುವಿನಲ್ಲಿಡುವುದಕ್ಕೆ ಅದು ಬಹು ಯೋಗ್ಯ. ಮೊಮ್ಮಗಳ ಲಂಗ ಹೊಲಿಯುವುದಕ್ಕಾದರೆ ೨೮ನೆಯದನ್ನೋ ೧೫ನೆಯದನ್ನೋ ಆರಿಸಿಕೊಳ್ಳುವುದೇ ಲೇಸು. ಅಮೆರಿಕದಿಂದ ಬಂಧುಗಳ ಮೂಲಕ ವಿದ್ಯುತ್ ಯಂತ್ರ ತರಿಸುವವರಿಗೆ ಒಂದು ಮಾತು: ಸುಮಾರು ೫ ಕಿಲೋಗ್ರಾಂ ಮಾತ್ರ ತೂಗುವ ೨೨೧ನೆಯ ಮಾದರಿ ನಿಜಕ್ಕೂ ಮುದ್ದಾದುದು. ಆದರೆ ಅಲ್ಲಿನ ವಿದ್ಯುತ್ತು ೧೧೦ ವೋಲ್ಟಿನದು, ನಮ್ಮದು ೨೩೦. ನೇರವಾಗಿ ಜೋಡಿಸಿದರೆ ಮೋಟಾರು ಸುಟ್ಟುಹೋಗುವುದು.

ಇನ್ನು ಪ್ರಯಾಣದ ವಿಚಾರ. ಮಾರುವವರು ಬಹುಮಂದಿ ಇದನ್ನು ಲಘುವಾಗಿ ಕಾಣುವರು: ಕಬ್ಬಿಣದ ಯಂತ್ರ, ಅದಕ್ಕೇನಾದೀತು ಎಂಬುದು ಅವರ ವಾದ. ಇದು ಬೀಡುಕಬ್ಬಿಣ. ಕಬ್ಬಿಣದ ಸೌಟು ಕೆಳಗೆ ಬಿದ್ದರೆ ಸೊಟ್ಟಗಾಗುವುದು. ಬೀಡುಕಬ್ಬಿಣವು ಬಿದ್ದರೆ ಮಣ್ಣಿನ ಮಡಕೆಯಂತೆ ಒಡೆಯುವುದು. ಒಡೆದುದನ್ನು ಬೆಸೆಯುವುದು ಕಷ್ಟ. ಬೆಸೆದರೂ ಆ ಬೆಂಕಿಯ ಕಾವಿಗೆ ಕಪ್ಪು ಮೆರುಗೂ ಚಿನ್ನದ ಚಿತ್ತಾರವೂ ಸುಟ್ಟುಹೋಗುವುವು. ಮರದ ಪೀಠ, ಮುಚ್ಚಳಗಳ ಸಹಿತ ಯಂತ್ರದ ತೂಕ ಹತ್ತು ಹದಿನೈದು ಕಿಲೋಗ್ರಾಂ. ಅಷ್ಟು ಭಾರದ ವಸ್ತು ಸಡಿಲವಾದ ಪೆಟ್ಟಿಗೆಯಲ್ಲಿ ಉರುಳಿದರೆ ಅದು ತನ್ನನ್ನು ತಾನೇ ಒಡೆದುಕೊಳ್ಳುವುದು.

ಆದಕಾರಣ ಕಟ್ಟುವ ಕ್ರಮವನ್ನು ಮಾರುವವರಿಗೆ ನೀವೇ ಬರೆದು ತಿಳಿಸಬೇಕು. ಅದಕ್ಕೆ ತಗಲುವ ಹೆಚ್ಚಿನ ಹಣವನ್ನು ಚೌಕಾಸಿಯಿಲ್ಲದೆ ಕೊಡಬೇಕು. ಪೀಠದ ಹಿಂಬದಿಯಲ್ಲಿ ಎರಡು ಕೀಲುಗಳಿರುವುವು. ಅವುಗಳ ತಿರುಪನ್ನು ಸಡಿಲಿಸಿದರೆ ರಿಪೇರಿಯವರು ಹೆಡ್ಡು ಎನ್ನುವ ಕಬ್ಬಿಣದ ಮೇಲ್ಭಾಗವು ಮರದಿಂದ ಬಿಡಿಸಿಕೊಂಡು ಬರುವುದು. ಹೆಡ್ಡು ಬೇರೆ, ಮರ ಬೇರೆಯಾಗಿಯೇ ಪ್ರಯಾಣ ಮಾಡಬೇಕು. ಜೊತೆಯಲ್ಲಿಯೇ ಕಳುಹಿಸಿದರೆ ಕಬ್ಬಿಣದ ಭಾರಕ್ಕೆ ಮರದ ಪೀಠ ಸೀಳಿ, ಕೀಲುಗಳ ಕಡೆಯಿಂದ ಬಿರುಕು ಬಿಡುವುದು. ತಿರುಗಿಸುವ ಕೈಹಿಡಿಯನ್ನು ಬಿಚ್ಚಿ ಬೇರೆ ಸುತ್ತಬೇಕು. ಮೊದಲು ಮುರಿಯುವುದು ಅದೇ. ಸೂಜಿಯನ್ನು ತೆಗೆದು, ಬಟ್ಟೆಯನ್ನು ಅದುಮುವ ಪಾದದ ಕೆಳಗೆ ಒಂದು ಚೂರು ಅರಿವೆಯನ್ನಿಟ್ಟು ಪಾದವನ್ನು ಇಳಿಸಬೇಕು. ಶಟಲನ್ನು ಬೇರೊಂದು ಪೊಟ್ಟಣವಾಗಿ ಕಟ್ಟಿ, ಹೆಡ್ಡಿಗೇ ದಾರದಿಂದ ಬಿಗಿಯಬೇಕು. ಹೆಡ್ಡನ್ನು ಹಳೆಯ ಸೀರೆಯಲ್ಲಿ ನಾಲ್ಕಾರು ಸುತ್ತು ಸುತ್ತಿ ಪೆಟ್ಟಿಗೆಯಲ್ಲಿಟ್ಟು, ಸುತ್ತಲೂ ತೆಂಗಿನ ನಾರನ್ನು ಬಿಗಿಯಾಗಿ ತುರುಕಿ, ಆ ಪೆಟ್ಟಿಗೆಯನ್ನು ಇನ್ನೊಂದು ದೊಡ್ಡ ಪೆಟ್ಟಿಗೆಯೊಳಗಿಡಬೇಕು. ವೃತ್ತಪತ್ರಿಕೆಯ ಉಂಡೆಗಳು ಸಾಲವು. ಭಾರಕ್ಕೆ ಅವು ದಾರಿಯಲ್ಲಿಯೇ ಚಪ್ಪಟೆಯಾಗಿ, ಪೆಟ್ಟಿಗೆಯಲ್ಲಿ ಮತ್ತೆ ಸಡಿಲಾಗುವುದು. ಕಟ್ಟಿದಮೇಲೆ ಪೆಟ್ಟಿಗೆಯನ್ನು ಅಲುಗಾಡಿಸಿದಾಗ ಒಳಗೆ ಏನೂ ಮಿಸುಕದಿದ್ದರೆ ಸರಿ. ಇಷ್ಟನ್ನು ಮಾಡಲೊಪ್ಪದವನಿಂದ ಎಷ್ಟು ಅಗ್ಗಕ್ಕೆ ಬಂದರೂ ಯಂತ್ರವನ್ನು ತರಿಸಬೇಡಿರಿ.

ಪಾರ್ಸೆಲು ಬಂದಿತು, ಬಿಚ್ಚಿದ್ದಾಯಿತು. ಚಕ್ರವನ್ನು ತಿರುಗಿಸಹೋದರೆ ತಿರುಗದು. ಇಲ್ಲಿ ಬಲ ಪ್ರಯೋಗ ಸಲ್ಲದು. ಬಹುಮಟ್ಟಿಗೆ ಇದು ನಮ್ಮ ಮನೆಗಳದೇ ಒಂದು ಪದ್ಧತಿಯ ಫಲ: ಯಂತ್ರಕ್ಕೆ ಕೊಬ್ಬರಿ ಎಣ್ಣೆ ಬಿಡುವುದು. ಕೊಬ್ಬರಿ ಎಣ್ಣೆ ಸುಮಾರು ೨೪ ಡಿಗ್ರಿ ಸೆಂಟಿಗ್ರೇಡಿನ ಕೆಳಗೆ ಹೆಪ್ಪುಗಟ್ಟುವುದು. ಬೆಂಗಳೂರಿನ ಮಾಗಿಯ ಬೆಳಗಿನಲ್ಲಿ ಯಂತ್ರ ಮೊಂಡು ಹಿಡಿಯುತ್ತಿದ್ದುದು ಅದರಿಂದಲೇ. ವರ್ಷಗಳು ಕಳೆದಂತೆ ಅದು ಧೂಳನ್ನು ಹಿಡಿದು ಅಂಟಾಗುವುದು. ಹರಳೆಣ್ಣೆಯಾದರೆ ಇನ್ನೂ ಅಂಟು. ತುಕ್ಕಿನಿಂದ ಕಟ್ಟಿಹೋದ ಯಂತ್ರಕ್ಕಿಂತ ಎಣ್ಣೆಯ ಜಿಡ್ಡಿನಿಂದ ಕಟ್ಟಿಹೋದ ಯಂತ್ರವೇ ನಮ್ಮಲ್ಲಿ ಹೆಚ್ಚೆನ್ನಬಹುದು. ಇದು ಒಳ್ಳೆಯ ಸುದ್ದಿ. ಏಕೆಂದರೆ ಜಿಡ್ಡು ಬಿಡುವುದು.

ಯಂತ್ರವನ್ನು ಹಳೆಯ ಅರಿವೆಯ ಮೇಲೆ ಹಿಂದಕ್ಕೆ ಮಲಗಿಸಿ, ಕೆಳಗಿನ ಸಂದುಗಳಿಗೆ ಒಂದೊಂದೇ ಹನಿ ಸೀಮೆಎಣ್ಣೆ ಬಿಡಬೇಕು. ಕಪ್ಪು ಮೆರುಗಿನ ಭಾಗಕ್ಕೆ ಅದು ತಾಕಕೂಡದು. ಒಂದು ರಾತ್ರಿ ಬಿಟ್ಟು, ಮರುದಿನ ಬಿಸಿಲಿನಲ್ಲಿ ಅರ್ಧ ಗಂಟೆ ಇಟ್ಟು, ಚಕ್ರವನ್ನು ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ಕೂದಲೆಳೆಯಷ್ಟು ಅಲುಗಿಸಬೇಕು. ಮೂರು ದಿನ, ನಾಲ್ಕು ದಿನವಾದರೂ ಆಗಲಿ. ಶಟಲಿನ ಸಂದಿನಲ್ಲಿ, ಚಕ್ರದ ಅಚ್ಚಿನ ಹಿಂದೆ, ಎಂದೋ ಸಿಕ್ಕಿಕೊಂಡ ದಾರದ ತುಂಡಿದೆಯೇ ನೋಡಬೇಕು. ಎಷ್ಟೋ ವೇಳೆ ಇಡೀ ಯಂತ್ರವನ್ನು ನಿಲ್ಲಿಸಿರುವುದು ಒಂದು ಗೇಣುದ್ದದ ನೂಲು. ಚಕ್ರ ಸಲೀಸಾದ ಮೇಲೆ ಸೀಮೆಎಣ್ಣೆಯನ್ನು ಒರಸಿ, ಬಿಳಿಯ ಮಿಷನ್ ಎಣ್ಣೆಯನ್ನು ಎಲ್ಲ ರಂಧ್ರಗಳಿಗೂ ಬಿಡಬೇಕು. ಸೀಮೆಎಣ್ಣೆ ಜಿಡ್ಡನ್ನು ತೊಳೆಯುವುದೇ ಹೊರತು ನಯವನ್ನು ಕೊಡುವುದಿಲ್ಲ.

ತಿರುಪುಗಳನ್ನು ಬಿಚ್ಚುವವರು ಗಾಡಿಯ ಪೂರ್ತಿ ಅಗಲಕ್ಕೆ ಕೂಡುವ ತಿರುಪುಳಿಯನ್ನೇ ಹಿಡಿಯಬೇಕು. ಬಿಚ್ಚಿದ ತಿರುಪನ್ನು ಕಳೆದರೆ ಪೇಟೆಯ ಕಬ್ಬಿಣದಂಗಡಿಯಲ್ಲಿ ಅದರ ಜೋಡಿ ಸಿಕ್ಕದು. ಸಿಂಗರಿನವರ ಮರೆಗಳ ಅಳತೆಯೇ ಬೇರೆ.

ಹೊರಗಿನ ಶುದ್ಧಿಯಲ್ಲಿ ನಮ್ಮ ಗೃಹಿಣಿಯರು ವಿಶೇಷ ಎಚ್ಚರ ವಹಿಸಬೇಕೆಂದು ಪ್ರಾರ್ಥಿಸುವೆವು. ಹಿತ್ತಾಳೆಯ ದೀಪವನ್ನು ಹುಣಸೆಹಣ್ಣಿನಿಂದ ಉಜ್ಜಿ ಬೆಳಗಿದ ಕೈಗೆ ಕಪ್ಪಾದುದನ್ನು ಕಂಡರೆ ಸುಮ್ಮನಿರಲಾಗದು. ಆದರೆ ಈ ಯಂತ್ರದ ಮೇಲಿನ ಹೂಬಳ್ಳಿ, ಈಜಿಪ್ಟಿನ ಸ್ಫಿಂಕ್ಸಿನ ಚಿತ್ರ, ಚಿನ್ನದ ಅಕ್ಷರಗಳು, ಎಲ್ಲವೂ ಎಳೆಯಷ್ಟು ತೆಳ್ಳಗಿನ ಅಂಟಿಸಿದ ಚಿತ್ತಾರ. ಅದರ ಮೇಲೆ ಒಂದು ಪದರ ಮೆರುಗು, ಅಷ್ಟೆ. ಹುಣಸೆಯ ಹುಳಿ, ಸಾಬೂನಿನ ನೀರು, ಸ್ಪಿರಿಟ್ಟು, ಪಾತ್ರೆ ತಿಕ್ಕುವ ಪುಡಿ, ಯಾವುದು ತಗಲಿದರೂ ಚಿನ್ನ ಬೆಳ್ಳಿಯಾಗುವುದು. ಬೆಳ್ಳಿಯಾದುದು ಮತ್ತೆ ಚಿನ್ನವಾಗದು. ಮೆತ್ತಗಿನ ಹತ್ತಿಗೆ ಮಿಷನ್ ಎಣ್ಣೆಯನ್ನೇ ಸೋಕಿಸಿ, ಒತ್ತದೆ, ದಿನಕ್ಕೆ ಸ್ವಲ್ಪದಂತೆ ಒರಸಿದರೆ ಕೊಳೆ ತಾನಾಗಿ ಬರುವುದು. ಹೊಲಿಯುವವರ ಕೈ ಸವೆದು ಹೂಬಳ್ಳಿ ಅಳಿಸಿಹೋಗಿರುವ ಭಾಗವೊಂದು ಪೀಠದ ಮುಂಬದಿಯಲ್ಲಿರುವುದು. ಅದನ್ನು ಹಾಗೆಯೇ ಬಿಡಿರಿ.

ಕುಂಕುಮದ ವಿಚಾರವಾಗಿ ಬೇರೆ ಹೇಳಬೇಕು. ವರ್ಷವರ್ಷವೂ ಆಯುಧಪೂಜೆಯಲ್ಲಿ ಹಚ್ಚಿದ ಅರಿಸಿನ ಕುಂಕುಮಗಳು ತಿರುಪಿನ ಗಾಡಿಗಳಲ್ಲಿಯೂ ಅಕ್ಷರಗಳ ಸಂದಿನಲ್ಲಿಯೂ ಕುಳಿತಿರುವುವು. ನೀರಿನಲ್ಲಿ ಕಲಸಿ ಹಚ್ಚಿದ ಕುಂಕುಮವು ಉಕ್ಕಿನ ಮೇಲೆ ತುಕ್ಕಿಗೆ ಎಡೆಗೊಡುವುದರಿಂದ ಅಲ್ಲಿಂದ ಅದನ್ನು ತೆಗೆಯತಕ್ಕದ್ದೇ. ಕಪ್ಪು ಮೆರುಗಿನ ಮೇಲೆ ಒಣಗಿ ನಿಂತ ಬೊಟ್ಟನ್ನು ಮಾತ್ರ ತೆಗೆಯುವುದಕ್ಕೆ ನಮಗೆ ಮನಸ್ಸು ಬಾರದು. ಯಾವ ಮನೆಯವರು, ಯಾವ ದಸರೆಯಲ್ಲಿ ಇಟ್ಟರೋ ತಿಳಿಯದು. ಯಂತ್ರಕ್ಕೆ ಅದರಿಂದ ಹಾನಿಯೂ ಇಲ್ಲ.

ಹೊಸ ಕಪ್ಪು ಬಣ್ಣ ಹೊಡೆದು, ಹೊಸ ಚಿನ್ನದ ಚೀಟಿ ಅಂಟಿಸಿ ಮಾರುವವರೂ ಉಂಟು. ತಿರುಪಿನ ತಲೆಯ ಮೇಲೂ ಸಂಖ್ಯೆಯ ಮೇಲೂ ಬಣ್ಣ ಹರಿದಿದ್ದರೆ ಇದೇ ಕೆಲಸವೆಂದು ತಿಳಿಯಿರಿ. ಅಂಥದಕ್ಕೆ ಹೆಚ್ಚು ಬೆಲೆ ಕೊಡುವುದು ವ್ಯರ್ಥ. ಇದಕ್ಕಿಂತಲೂ ವಿಚಿತ್ರವಾದುದೊಂದು ೨೦೦೯ರಲ್ಲಿ ಸೌದಿ ಅರೇಬಿಯದಲ್ಲಿ ನಡೆಯಿತು. ಹಳೆಯ ಸಿಂಗರಿನ ಸೂಜಿಯಲ್ಲಿ ಕೆಂಪು ಪಾದರಸವಿದೆಯೆಂಬ ಗಾಳಿಮಾತು ಹಬ್ಬಿ, ಜನರು ಮುಗಿಬಿದ್ದು ಹುಚ್ಚುಬೆಲೆಗೆ ಯಂತ್ರಗಳನ್ನು ಕೊಂಡರು. ಅದರಲ್ಲಿರುವುದು ಬೀಡುಕಬ್ಬಿಣವೂ ಉಕ್ಕೂ ಮಾತ್ರವೆಂದು ನಮ್ಮ ವಾಚಕರಿಗೆ ಹೇಳಬೇಕಾದುದಿಲ್ಲ.

ಬಸವನಗುಡಿಯ ವಾಚಕರೊಬ್ಬರು, ತಮ್ಮ ಮನೆಯ ಕಾಲುಯಂತ್ರದ ಕಬ್ಬಿಣದ ಸ್ಟ್ಯಾಂಡನ್ನು ಉಪಾಹಾರಗೃಹದವರು ಮೇಜಿಗಾಗಿ ಕೇಳುತ್ತಿರುವರೆಂದೂ, ಹೆಡ್ಡು ಅವರಿಗೆ ಬೇಡವಂತೆಂದೂ ಬರೆದಿದ್ದಾರೆ. ನಮ್ಮ ಊರಿನ ಎಷ್ಟೋ ಹೊಸ ಕಾಫಿಯಂಗಡಿಗಳಲ್ಲಿ ಇಂಥ ಮೇಜುಗಳನ್ನು ನೋಡಬಹುದು. ಕಾಫಿ ಕುಡಿಯುತ್ತ ಕಾಲಿನಿಂದ ತುಳಿಯುವುದು ವಿನೋದವಾಗಿಯೂ ಇರುವುದು. ಆದರೆ ಒಂದೊಂದು ಮೇಜಿನ ಹಿಂದೆಯೂ ತಲೆ ಬೇರೆ ಕಾಲು ಬೇರೆಯಾದ ಒಂದು ಯಂತ್ರವುಂಟು. ಆ ತಲೆಯು ಗುಜರಿಯ ತಕ್ಕಡಿಗೆ ಬೀಳುವುದು. ಮಾರಲೇಬೇಕಾಗಿದ್ದರೆ ಎರಡನ್ನೂ ಕೂಡಿಯೇ ಮಾರಿರಿ. ಕೊಳ್ಳುವವರು ಸ್ಟ್ಯಾಂಡು ಮಾತ್ರ ಸಾಕೆಂದರೆ, ಹೆಡ್ಡನ್ನು ಶಟಲು, ಜಾರುತಟ್ಟೆ, ಡಬ್ಬಿಯಲ್ಲಿನ ಪಾದಗಳ ಸಹಿತ ಇಟ್ಟುಕೊಂಡಿರಿ. ಕೈಹಿಡಿಯನ್ನು ಜೋಡಿಸಲು ಕಂಬದಲ್ಲಿ ಎಡೆಯುಳ್ಳ ಹೆಡ್ಡಾದರೆ ಅದನ್ನೇ ಕೈಯಂತ್ರವಾಗಿ ಮಾಡಿಕೊಳ್ಳಬಹುದು. ಮಲ್ಲೇಶ್ವರದ ಸೋದರಿಯವರಂತೆ ಹತ್ತು ವರ್ಷದ ಮೇಲೆ ಪರಊರಿನಿಂದ ಪಾರ್ಸೆಲು ತರಿಸುವ ಸಂದರ್ಭ ನಿಮ್ಮ ಮಕ್ಕಳಿಗೆ ಬರಬಾರದು.

ಯಂತ್ರ ಸಿದ್ಧವಾಯಿತೆ ಎಂದು ನೋಡಲು ಎರಡು ಪದರ ಮಲ್ಲಿನ ಬಟ್ಟೆಯನ್ನು ತೆಗೆದುಕೊಂಡು, ಮೇಲೆ ಬಿಳಿಯ ದಾರ ಕೆಳಗೆ ಕೆಂಪು ದಾರವನ್ನು ಹೂಡಿ ಒಂದು ಮೊಳ ಹೊಲಿಯಿರಿ. ಮೇಲ್ಗಡೆ ಕೆಂಪು ಕಂಡರೆ ಮೇಲಿನ ದಾರ ಬಿಗಿಯಾಗಿದೆ. ಕೆಳಗಡೆ ಬಿಳುಪು ಕಂಡರೆ ಸಡಿಲವಾಗಿದೆ. ಎರಡೂ ಕಾಣದೆ ಗಂಟು ಬಟ್ಟೆಯ ನಡುವೆ ಅಡಗಿದರೆ ಸರಿಯಾಯಿತು. ಹಿಮ್ಮುಖವಾಗಿ ಹೊಲಿಯುವ ಅನುಕೂಲ ಈ ಹಳೆಯ ದೋಣಿ ಶಟಲಿನವುಗಳಲ್ಲಿಲ್ಲ. ಕೊನೆಯಲ್ಲಿ ಬಟ್ಟೆಯನ್ನು ತಿರುಗಿಸಿ ನಾಲ್ಕು ಹೊಲಿಗೆ ಹಾಕಬೇಕು. ಬಾಬಿನಿಗೆ ದಾರ ಸುತ್ತುವ ಗಾಲಿಯ ರಬ್ಬರಿನ ಉಂಗುರ ಗಟ್ಟಿಯಾಗಿ ಬಿರಿದಿರುವುದು ಸಾಮಾನ್ಯ. ಅದೊಂದನ್ನು ಹೊಸದಾಗಿ ಹಾಕಿಸಿದರೆ ದೋಷವಿಲ್ಲ.

ಕಡೆಯದಾಗಿ, ಚಾಮರಾಜಪೇಟೆಯ ವಾಚಕರು ಕೇಳಿರುವ ಬೀಗದ ವಿಷಯ. ಬಾಗಿಸಿದ ಮರದ ಮುಚ್ಚಳಕ್ಕೆ ಬೀಗ ಬಿದ್ದಿದೆ, ಕೈ ಕಳೆದಿದೆ, ಮುಚ್ಚಳವನ್ನು ಒಡೆಯಲೆ ಎಂದಿದ್ದಾರೆ. ಒಡೆಯಬೇಡಿರಿ. ಸಿಂಗರ್ ಮುಚ್ಚಳಗಳ ಈ ಬೀಗ ಬಹು ಸರಳವಾದುದು; ಇನ್ನೊಬ್ಬರ ಮನೆಯ ಸಿಂಗರ್ ಮುಚ್ಚಳದ ಕೈ ಸಾಮಾನ್ಯವಾಗಿ ಇದಕ್ಕೂ ಕೂಡುವುದು. ಅದೂ ದೊರೆಯದಿದ್ದರೆ, ರಂಧ್ರದೊಳಗೆ ಹೋಗುವಷ್ಟು ಸಣ್ಣ ತಿರುಪುಳಿಯ ತುದಿಯನ್ನು ಸ್ವಲ್ಪ ಅರದಿಂದ ಅರೆದು, ಒಳಗಿನ ಅಚ್ಚನ್ನು ಹಿಡಿಯುವಂತೆ ಮಾಡಿ ಮೆಲ್ಲಗೆ ತಿರುಗಿಸಿರಿ. ಬೀಗಕ್ಕೆ ಮೊದಲೇ ಎರಡು ಹನಿ ಮಿಷನ್ ಎಣ್ಣೆ ಬಿಟ್ಟಿರತಕ್ಕದ್ದು.